ಪಂಕ್ಚರ್ ಅಂಗಡಿಯವನು ಹೇಳಿದ ದಾರಿ

ಕೂತ್ಕೊಳ್ಳಿ, ಇನ್ನೂ ಇಪ್ಪತ್ತು ನಿಮಿಷ ಆಗುತ್ತೆ.
ಮೊಳೆ ಸಣ್ಣದು, ತೂತು ದೊಡ್ಡದು.
ಹಸಿವೆಯೆ? ಮೊದಲೇ ಹೇಳಬಾರದಿತ್ತೆ!
ಲೂಸಿಯಾನದ ಈ ತಗ್ಗುನೆಲದಲ್ಲಿ
ದಾರಿ ತಪ್ಪಿದವರುಂಟು,
ಉಪವಾಸ ಬಿದ್ದವರಿಲ್ಲ.

ಊಟ ಸಿಗೋದು ಪೆಟ್ರೋಲ್ ಬಂಕಿನಲ್ಲಿ.
ನಗಬೇಡಿ.
ಮೇಜಿಗೆ ಬಟ್ಟೆ ಹಾಸಿದ ಕಡೆ ಹೋದಿರೋ, ಕೆಟ್ಟಿರಿ.
ಎಂಜಿನ್ ಆಯಿಲ್ ಡಬ್ಬಿ, ಮೀನಿನ ಗಾಳ, ಲಾಟರಿ ಚೀಟಿ,
ಇವುಗಳ ನಡುವೆ ಹಬೆಯಾಡುವ ಪಾತ್ರೆ ಕಂಡರೆ
ಅಲ್ಲಿ ಇಳಿಯಿರಿ.
ಬೂಡಾನ್ ಅನ್ನಿ. ಕೊನೆಯ ನಕಾರ ಮೂಗಲ್ಲೇ ಉಳಿಯಲಿ,
ಪೂರ್ತಿ ಹೊರಗೆ ಬಂದರೆ ಪರವೂರಿನವರೆಂದು ಗೊತ್ತಾಗುತ್ತೆ.
ಹಂದಿಯ ಕರುಳ ಚೀಲದೊಳಗೆ
ಅನ್ನ, ಮಾಂಸ, ಹಸಿ ಈರುಳ್ಳಿ ಸೊಪ್ಪು, ಖಾರ.
ತಟ್ಟೆ ಕೇಳಬೇಡಿ, ಕಾರಿನ ಬಾನೆಟ್ಟೇ ಮೇಜು.
ತುದಿ ಕಚ್ಚಿ, ಹಿಂದಿನಿಂದ ಹಿಂಡಿ,
ಟೂತ್‌ಪೇಸ್ಟ್ ಕದ್ದು ತಿನ್ನುವ ಮಗುವಿನ ಹಾಗೆ.

ಯಾವ ಬಂಕು? ಅದೇ ಪೇಚಾಟ.
ಕಾಲುವೆ ಸೇತುವೆ ಹತ್ತಿರ ಕ್ಲೋವಿಸನದು: ಖಾರ ಸರಿ, ಅನ್ನ ಮುದ್ದೆ.
ಅಂಚೆ ಕಚೇರಿಯ ಯೂಲಾಲಿಯನ್ನು ಕೇಳಿ,
ಪ್ರಾಣ ಹೋದರೂ ಅಕ್ಕಿಗಿರಣಿ ಎದುರಿನದೇ ಅಂತಾಳೆ.
ಅಲ್ಲಿ ಗಲ್ಲಾದಲ್ಲಿ ಕೂರುವವನು ಅವಳ ಅಳಿಯ, ಗೊತ್ತಿರಲಿ.
ಟೆಲೆಸ್ಫೋರನಲ್ಲಿ ಹುರಿದ ಹಂದಿಚರ್ಮ, ಆಹಾ,
ಕಡಿದರೆ ಮೂರನೇ ಮನೆಗೆ ಸದ್ದು;
ಅವನ ಬೂಡಾನ್ ಮಾತ್ರ ನಾಯಿಗೂ ಹಾಕಬೇಡಿ.
ಇನ್ನು ಗಂಬೋ ಸಾರಿಗೆ ಆಲೂಗೆಡ್ಡೆ ಕಲಸಬೇಕೋ ಬೇಡವೋ,
ಆ ಮಾತು ಎತ್ತಲೇಬೇಡಿ,
ಅದರಿಂದ ಈ ಊರಲ್ಲಿ ಎರಡು ಮದುವೆ ಮುರಿದಿವೆ.

ಇವತ್ತು ಶುಕ್ರವಾರ ಅಲ್ಲ ತಾನೆ?
ಈಸ್ಟರಿಗೆ ಮುಂಚಿನ ಶುಕ್ರವಾರ ಮಾಂಸವಿಲ್ಲ,
ಕೆಸರು ಸಿಗಡಿ ತುಂಬಿರುತ್ತಾರೆ. ಅದೂ ಪರವಾಗಿಲ್ಲ.

ನನ್ನನ್ನೇ ಕೇಳುತ್ತೀರಾದರೆ...
ಆ ಸ್ಪಾನರ್ ಇತ್ತ ಕೊಡಿ.
ಉತ್ತರಕ್ಕೆ ಹೋಗಿ. ಭತ್ತ ಕೊಯ್ದ ಗದ್ದೆಯ ನೀರಲ್ಲಿ
ಸಿಗಡಿ ಬುಟ್ಟಿಗಳ ಕೆಂಪು ತಲೆಗಳು ಸಾಲಾಗಿ.
ನೀರಿನ ಟ್ಯಾಂಕ್ ಬಂದಲ್ಲಿ ಎಡಕ್ಕೆ.
ನೀಲಿ ಬಂಕು, ಬೋರ್ಡಿನಲ್ಲಿ ಎರಡು ಅಕ್ಷರ ಉದುರಿವೆ.
ಹತ್ತು ಗಂಟೆಯೊಳಗೆ ಮುಟ್ಟಬೇಕು, ಆಮೇಲೆ ಪಾತ್ರೆ ಬೋರಲು.
ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಹುಡುಕುತ್ತಿರುವ
ಓಡಿಲ್ ಅಂತ ಒಬ್ಬಳಿದ್ದಾಳೆ.
ನನ್ನ ತಂಗಿ.

ಮಾತು ಬಿಟ್ಟು ಒಂಬತ್ತು ವರ್ಷ.
ಆಸ್ತಿಗಲ್ಲ, ಲಿವರಿಗೆ.
ಅವ್ವನ ಬೂಡಾನಿನಲ್ಲಿ ಮೂರಕ್ಕೊಂದು ಪಾಲು ಲಿವರ್,
ನಾಲಿಗೆಯ ಬುಡದಲ್ಲಿ ಒಂಚೂರು ಕಹಿ,
ಮಳೆಗೆ ನೆನೆದ ಕಬ್ಬಿಣದ ವಾಸನೆ.
ಅವ್ವ ಹೋದ ವರ್ಷವೇ ಇವಳು ತೆಗೆದುಹಾಕಿದಳು,
ಹೊರಗಿನ ಗಿರಾಕಿಗಳು ಮುಖ ಕಿವುಚುತ್ತಾರಂತೆ.
ಅಂಗಡಿ ತುಂಬ ಜನರೆದುರು ನಾನು,
'ಇದು ಬೂಡಾನಲ್ಲ, ಅನ್ನ ತುರುಕಿದ ಕಾಲುಚೀಲ' ಅಂದೆ.
ಅನ್ನಬಾರದಿತ್ತು.
ಅಂದೆ.

ನನ್ನ ಹೆಸರು ಹೇಳಬೇಡಿ. ಬೇಕಾಗಿಯೂ ಇಲ್ಲ.
ತೇಪೆ ಹಾಕಿದ ಟೈರಿಗೆ ಹಳದಿ ಸೀಮೆಸುಣ್ಣದ ಗೀಟು
ಎಳೆಯೋದು ನನ್ನ ರೂಢಿ,
ಅವಳ ಕಿಟಕಿ ಪಂಪಿಗೆ ನೇರ.
ನೀವು ಎರಡು ಕೇಳಿದರೆ ಪೊಟ್ಟಣದಲ್ಲಿ ಮೂರು ಇರುತ್ತೆ.
ಮೂರನೆಯದರ ಬಣ್ಣ ತುಸು ಕಪ್ಪು.
ಅವಳು ಏನೂ ಹೇಳೋದಿಲ್ಲ, ಲೆಕ್ಕಕ್ಕೂ ಹಿಡಿಯೋದಿಲ್ಲ.
ಅದನ್ನು ತಿನ್ನಬೇಡಿ.
ಹನ್ನೊಂದು ಮೈಲಿ ಹಿಂದಕ್ಕೆ ಬರಬೇಕು, ಗೊತ್ತು.

ಹೋದ ಚಳಿಗಾಲದಿಂದ ಹದಿನಾಲ್ಕು ಜನರನ್ನು ಕಳಿಸಿದೆ,
ಐವರು ಬಂದರು. ಅವರಲ್ಲೊಬ್ಬ ಪುಣ್ಯಾತ್ಮ, ಟೆಕ್ಸಸಿನವನು,
ದಾರಿಯಲ್ಲೇ ತಿಂದು, ಬರೀ ಕಾಗದ ಹಿಡಿದು ಬಂದು
'ಕ್ಷಮಿಸಿ, ಆದರೆ ಅದರಲ್ಲಿ ಏನಿತ್ತು?' ಅಂದ.
ಅವನನ್ನು ಈ ಕುರ್ಚಿಯಲ್ಲೇ ಕೂರಿಸಿ
ಕಹಿ ಇತ್ತಾ, ಎಷ್ಟು, ನಾಲಿಗೆಯ ಯಾವ ಕಡೆ
ಅಂತ ಒಂದು ಗಂಟೆ ವಿಚಾರಿಸಿಕೊಂಡೆ.

ಹ್ಞಾಂ, ಟೈರ್ ಆಯಿತು. ಹದಿನೈದು ಡಾಲರ್.
ಅಯ್ಯೋ ಈಗ ಬೇಡ, ಒಳಗಿಡಿ,
ವಾಪಸು ಬಂದಾಗ ಕೊಟ್ಟರಾಯಿತು.