ರನ್ ಎಂಬ ಹಳ್ಳದ ದಂಡೆಯಲ್ಲಿ

ವೆಸ್ಟ್ ವರ್ಜೀನಿಯಾದ ಒಂದು ತಿರುವಿನಲ್ಲಿ
ಕಾರು ಕೆಮ್ಮಿತು, ನಡುಗಿತು, ನಿಂತಿತು.
‘ರನ್ ಆಗ್ತಿಲ್ವಾ?’ ಅಂದಳು ಡೆಲ್ಫಾ ಕೋಗರ್
ತನ್ನ ಹೋಟೆಲಿನ ಬಾಗಿಲಿಗೆ ಮೈ ಆನಿಸಿ.
ಮೆಕ್ಯಾನಿಕ್ ಬರಲು ಮೂರು ಗಂಟೆಯಂತೆ;
ಅವನಿಗೀಗ ಶಾಲೆಯ ಬಸ್ಸು ರನ್ ಮಾಡುವ ಹೊತ್ತು.

ಎದುರಿಗೆ ಬಾಗಿದ ಹಲಗೆ: ಶುಗರ್‌ಕ್ಯಾಂಪ್ ರನ್.
ಈ ಸೀಮೆಯಲ್ಲಿ ಹಳ್ಳಕ್ಕೇ ರನ್ ಅನ್ನುತ್ತಾರೆ.
ಆಗಸ್ಟ್ ತಿಂಗಳು. ಬೆಣಚುಕಲ್ಲುಗಳ ಸಂದಿಯಲ್ಲಿ
ಅಂಗೈಯಗಲ ನೀರು, ಅದರಲ್ಲೊಂದು ತರಗೆಲೆ.
ಹೆಸರೇ ಓಟ,
ಒಂದು ಹೆಜ್ಜೆಯೂ ಇಲ್ಲ.

ಕಾಫಿ ಬಗ್ಗಿಸುತ್ತ ಮಾತಿಗೆ ಇಳಿದಳು.
ಅಪ್ಪ ರನ್ ಮಾಡುತ್ತಿದ್ದದ್ದು ಕಳ್ಳಭಟ್ಟಿ,
ದೀಪ ಆರಿಸಿದ ಫೋರ್ಡಿನಲ್ಲಿ, ಗುಡ್ಡದಾಚೆಗೆ.
ಅಣ್ಣ ಆರ್ಲಿಸ್ ಶೆರೀಫ್ ಹುದ್ದೆಗೆ ರನ್ ಮಾಡಿ
ನಲವತ್ತೊಂದು ಮತದಲ್ಲಿ ಸೋತ;
ಕೈಕೊಟ್ಟವರಲ್ಲಿ ಹನ್ನೊಂದು ಮಂದಿ ಸ್ವಂತ ದಾಯಾದಿಗಳು.
ಗಣಿಯಿಂದ ಬಂದದ್ದು ಬಂದ ಹಾಗೇ
ತೊಳೆಯದೆ, ಆರಿಸದೆ, ಕಲ್ಲು ಮಣ್ಣು ಸಮೇತ
ಲಾರಿಗೆ ತುಂಬಿದರೆ ಅದು ‘ರನ್ ಆಫ್ ಮೈನ್’.
‘ನಾವೂ ಅದೇ ಸರಕು’ ಅಂದು ನಕ್ಕಳು.
ಆಮೇಲೆ ಕಲ್ಲಿದ್ದಲು ರನ್ ಔಟ್ ಆಯಿತು.

ರನ್ ಔಟ್ ಅಂದರೆ ನನಗೆ ಗೊತ್ತಿದ್ದದ್ದು
ಹಾರಿದ ಬೇಲ್ಸು, ಎತ್ತಿದ ಬೆರಳು,
ತಲೆ ತಗ್ಗಿಸಿ ಪೆವಿಲಿಯನ್‌ಗೆ ನಡೆಯುವ ಒಬ್ಬ.
ಇಲ್ಲಿ ಇಡೀ ಊರು ಹಾಗೆ ನಡೆದುಹೋಗಿದೆ,
ಅಂಪೈರ್ ಯಾರೆಂದೇ ತಿಳಿಯದೆ.

ಮನಸ್ಸಿನಲ್ಲೇ ಕನ್ನಡಕ್ಕೆ ಹಾಕುತ್ತ ಕೂತೆ.
ಅವಳ ಮೂಗು ರನ್ ಆದರೆ ನಮ್ಮದು ಸೋರುತ್ತದೆ.
ಬಟ್ಟೆ ಬಣ್ಣ ಬಿಡುತ್ತದೆ.
ಜ್ವರ ಬರುತ್ತದೆ, ಕರೆಯದ ನೆಂಟನ ಹಾಗೆ.
ಗಡಿಯಾರ ನಡೆಯುತ್ತದೆ, ಅಂಗಡಿ ನಡೆಯುತ್ತದೆ,
ಸಂಸಾರವೂ, ಹೇಗೋ, ನಡೆಯುತ್ತದೆ.
ಅವಳ ಭಾಷೆ ಓಡಿಸುವುದನ್ನೆಲ್ಲ
ನನ್ನದು ಕೈಹಿಡಿದು ನಡೆಸುತ್ತದೆ.

‘ಮೂವತ್ತಾರು ವರ್ಷ ರನ್ ಮಾಡಿದೀನಿ ಈ ಹೋಟೆಲು’
ಅಂದಾಗಲೇ ನೋಡಿದ್ದು ಅವಳ ಎಡಗಾಲು,
ಮೂರಂಗುಲ ಅಟ್ಟೆಯ ಕಪ್ಪು ಬೂಟು.
ಪೋಲಿಯೋ; ನಡಿಗೆ ಕಲಿಯುವ ಮೊದಲೇ.
‘ಜನ್ಮದಲ್ಲಿ ಓಡಿದವಳಲ್ಲ ನಾನು.
ಓಡಿದ್ದು ನನ್ನ ಗಂಡ ಹಾಯ್ಟ್,
ಪೈ ಮಾಡುತ್ತಿದ್ದ ಹುಡುಗಿಯ ಜೊತೆ.
ಹೋಗಲಿ ಬಿಡು ಅಂದ್ರೂ, ಆ ಪೈ ಚೆನ್ನಾಗಿರ್ತಿತ್ತು.’
ಇದೊಂದಕ್ಕೆ ನಾನು ಪದ ಹುಡುಕಬೇಕಿರಲಿಲ್ಲ.
ಓಡಿಹೋಗುವವರು
ಎಲ್ಲ ಭಾಷೆಯಲ್ಲೂ ಓಡಿಯೇ ಹೋಗುತ್ತಾರೋ ಏನೋ.

ಅಷ್ಟರಲ್ಲಿ ರಸ್ತೆಯ ನಡುವೆ ಒಂದು ಆಮೆ.
ಕಪ್ ಕೆಳಗಿಟ್ಟು, ಕಾಲೆಳೆಯುತ್ತ ಹೋದಳು,
ಎರಡು ಕೈಯಲ್ಲಿ ರೊಟ್ಟಿಯಂತೆ ಎತ್ತಿಕೊಂಡಳು.
‘ಹೊರಟ ದಿಕ್ಕಿಗೇ ಬಿಡಬೇಕು, ಇಲ್ಲಾಂದ್ರೆ
ಮತ್ತೆ ತಿರುಗಿ ಇಲ್ಲಿಗೇ ಬರುತ್ತೆ, ಹಟಮಾರಿ.’
ಆಚೆ ದಂಡೆಯ ಹುಲ್ಲಿನಲ್ಲಿ ಇಳಿಸಿ
ಹಳದಿ ಗೀರುಗಳ ಬೆನ್ನನ್ನು ಬೆರಳಿಂದ ತಟ್ಟಿ
‘ನಿಮ್ಮಲ್ಲಿ ಇದಕ್ಕೇನಂತಾರೆ?’ ಕೇಳಿದಳು.

ಚಿಪ್ಪು ಎನ್ನಬಹುದಿತ್ತು.
‘ಓಡು’ ಎಂದೆ.
ಆ ಮಾತಿನ ಇನ್ನೊಂದು ಮಗ್ಗುಲು ಹೇಳಲಿಲ್ಲ.

ಬಾಯಲ್ಲಿ ಹೊರಳಿಸಿ ರುಚಿ ನೋಡಿದಳು.
ದೂರದಲ್ಲಿ ಮರದ ದಿಮ್ಮಿಯ ಲಾರಿ ಗೇರು ಬದಲಿಸಿತು.
ಆಮೆ ತಲೆ ಹೊರಗಿಟ್ಟು ಯೋಚಿಸುತ್ತಿತ್ತು.
‘ಓಡು’ ಅಂದಳು ಡೆಲ್ಫಾ ಅದಕ್ಕೆ, ಮೆಲ್ಲಗೆ,
ಮಗುವನ್ನು ಹೆಸರಿಟ್ಟು ಕರೆದ ಹಾಗೆ,
‘ಓಡು, ಓಡು.’

ಆಮೆ ನಡೆಯಿತು.