ಪಟ್ಟಿ

ನಮ್ಮ ಬಿಲ್ಡಿಂಗಿನ ಬಾಗಿಲಲ್ಲಿ, ಲೆಟರ್ ಬಾಕ್ಸುಗಳ ಮೇಲೆ
ಕರಿಮರದ ಒಂದು ಫಲಕ. ಹದಿನಾರು ಸೀಳು,
ಸೀಳಿಗೊಂದು ಪಟ್ಟಿ, ಪಟ್ಟಿಗೊಂದು ಹೆಸರು.
ಡಿಸಿಲ್ವಾಗೆ ಒಂದಕ್ಷರ ಕಡಿಮೆ ಬಿದ್ದಿತ್ತು,
ತಿದ್ದಿಸಿರೆಂದು ಎರಡು ವರ್ಷ ಪತ್ರ ಬರೆದ.
ನಾನು ಗೌರವ ಕಾರ್ಯದರ್ಶಿ. ಅಂದರೆ
ನೀರು ಬಾರದ ದಿನ ಬೈಸಿಕೊಳ್ಳುವವನು.

ಹನ್ನೊಂದನೆಯದು ಎ. ಬಿ. ದಾಮುದಿ.
ಅವರು ಭಟ್ಕಳದವರು, ನಾನು ಕುಮಟೆಯವ,
ನಡುವೆ ಶರಾವತಿ ಒಂದೇ.
ಮೆಟ್ಟಿಲಲ್ಲಿ ಸಿಕ್ಕರೆ ಕನ್ನಡದಲ್ಲೇ ಮಾತು:
‘ಏನು ನಾಯಕ್ರೇ, ಊರಲ್ಲಿ ಬಂಗಡೆ ಎಷ್ಟಕ್ಕೆ?’
ಇಡೀ ಮಾಹಿಮಿನಲ್ಲಿ ನನಗೆ ಪುಕ್ಕಟೆ ನಗು ಬರುತ್ತಿದ್ದದ್ದು
ಅದೊಂದೇ ಮೆಟ್ಟಿಲಲ್ಲಿ.

ಆ ಜನವರಿಯಲ್ಲಿ
ಎದುರಿನ ಬೇಕರಿ ಉರಿದ ವಾಸನೆ
ಮೊದಲ ದಿನ ಬಿಸ್ಕತ್ತಿನ ವಾಸನೆಯೇ ಆಗಿತ್ತು.
ಮಕ್ಕಳು ಹಸಿವೆ ಅಂದವು.
ಯಾರೋ ಪಟ್ಟಿ ಹಿಡಿದು ಗಲ್ಲಿ ಗಲ್ಲಿ ಬರುತ್ತಿದ್ದಾರೆಂದು
ಫೋನು.

ರಾತ್ರಿ ಚಪ್ಪಲಿ ಬಿಟ್ಟು ಇಳಿದೆ. ದೀಪ ಹಾಕಲಿಲ್ಲ.
ಬೆರಳಲ್ಲೇ ಎಣಿಸಿದೆ, ಒಂಬತ್ತು, ಹತ್ತು,
ಎಳೆದೆ. ಮರ ಕಿರ್ರೆನ್ನಲಿಲ್ಲ.
ಲುಂಗಿಯ ಗಂಟಿಗೆ ಸಿಕ್ಕಿಸಿಕೊಂಡು ಮೇಲೆ ಹತ್ತಿ
ಹೇಳಿದೆ: ಹೆಸರು ತೆಗೆದಿದ್ದೇನೆ, ನಿದ್ದೆ ಮಾಡಿ.
ಅವರ ಹೆಂಡತಿ ಒಳಗಿನಿಂದ
ಒಂದು ಲೋಟ ನೀರು ತಂದರು, ನನಗೆ.
ಕೈ ನಡುಗುತ್ತಿದ್ದುದು ಕಂಡಿರಬೇಕು.

ಅವರು ಬಂದದ್ದು ಮರುದಿನ, ಹಾಡಹಗಲು.
ಹನ್ನೆರಡು ಹದಿಮೂರು ಹುಡುಗರು, ಒಬ್ಬನ ಕೈಲಿ
ಯಾತಕ್ಕೋ ಟಾರ್ಚು.
ಫಲಕದ ಮುಂದೆ ನಿಂತು ಶಾಲೆಯಲ್ಲಿ ಓದುವ ಹಾಗೆ ಓದಿದರು:
ಗಾವಕರ್. ಛೇಡಾ. ತಾಂಬೆ. ನಾಯಕ.
ಬೆರಳು ಇಳಿಯುತ್ತ ಇಳಿಯುತ್ತ
ಹನ್ನೊಂದಕ್ಕೆ ಬಂದು ನಿಂತಿತು.
ಹದಿನೈದು ಹೆಸರು, ಒಂದು ಸೀಳು.
ಹುಡುಗ ನಕ್ಕ.
ಅಕ್ಷರ ಬಾರದವನೂ ಓದುವಷ್ಟು ದೊಡ್ಡದಾಗಿ
ನಾನೇ ಬರೆದುಕೊಟ್ಟಿದ್ದೆ.

ಹದಿನಾರನ್ನೂ ಕೀಳಬಹುದಿತ್ತು. ಹತ್ತು ನಿಮಿಷದ ಕೆಲಸ.
ಹೊಳೆಯಲೇ ಇಲ್ಲ ಅನ್ನುತ್ತೇನೆ ಕೇಳಿದವರಿಗೆ.
ಯಾರೂ ಕೇಳಿಲ್ಲ.
ಹೊಳೆದಿತ್ತು.
ನಾಲ್ಕನೆಯದರ ಮೇಲೆ ಬೆರಳು ಇಟ್ಟೂ ಇದ್ದೆ.
ಈ ಹೆಸರು ಇಲ್ಲಿದ್ದರೆ ನನ್ನ ಬಾಗಿಲು ಬಾಗಿಲಾಗಿಯೇ ಇರುತ್ತದೆ:
ಆ ಲೆಕ್ಕ ಕತ್ತಲಲ್ಲೂ ತಪ್ಪಲಿಲ್ಲ.

ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತೇನೋ.
ಛೇಡಾನ ಹೆಂಡತಿ ನಸುಕಿನಲ್ಲೇ ಅವರನ್ನೆಲ್ಲ
ತನ್ನ ದೇವರ ಕೋಣೆಗೆ ಸೇರಿಸಿ ಚಿಲಕ ಹಾಕಿದ್ದಳು,
ಗಂಡನನ್ನು ಕೇಳದೆ, ನನ್ನನ್ನು ಕೇಳದೆ.
ಹೋದದ್ದು ಬಾಗಿಲು, ಹೊಲಿಗೆ ಯಂತ್ರ,
ಸಬೀಹಾ ಬಣ್ಣ ಹಚ್ಚಿದ ಭೂಗೋಳದ ನಕ್ಷೆಗಳು.
ಮಾರ್ಚಿಯಲ್ಲಿ ಮನೆ ಮಾರಿ ಮುಂಬ್ರಾಕ್ಕೆ ಹೊರಟರು.
ಟೆಂಪೋ ಹತ್ತುವಾಗ ದಾಮುದಿ
ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದರು.

ಹನ್ನೊಂದರಲ್ಲಿ ಈಗ ಬೇರೆ ಹೆಸರು, ಮೂರನೆಯದು.
ಹೋದ ಭಾನುವಾರ ಮೀಟಿಂಗಿನಲ್ಲಿ ಠರಾವು:
ಮನೆ ಮಾರುವವರು ‘ನಮ್ಮಂಥವರಿಗೇ’ ಮಾರತಕ್ಕದ್ದು.
ಯಾರಂಥವರು ಅಂತ ಬರೆಯಬೇಡಿ ನಾಯಕ್ ಸಾಹೇಬ್,
ಗೊತ್ತಾಗುತ್ತೆ, ಅಂದರು.
ಛೇಡಾನ ಹೆಂಡತಿ ಈಗಿಲ್ಲ.
ಎತ್ತಿದ ಕೈಗಳನ್ನು ಎಣಿಸಿದೆ. ಎಣಿಸುವವನು
ಎತ್ತಬೇಕಿಲ್ಲ, ಅದೊಂದು ಅನುಕೂಲ.

ಬರೆದು ಮುಗಿಸಿ ಕೆಳಗೊಂದು ಗೆರೆ ಎಳೆಯಬೇಕು.
ನನ್ನ ಡ್ರಾಯರಿನಲ್ಲಿ ಅಳತೆಪಟ್ಟಿ ಇಲ್ಲ.
ಮೂವತ್ತು ವರ್ಷದ ಮಿನಿಟ್ಸ್ ಪುಸ್ತಕಗಳಲ್ಲಿ
ಎಲ್ಲ ಗೆರೆಗೂ ಒಂದಡಿ ಉದ್ದದ ಅದೇ ಮರ,
ಹೆಸರನ್ನು ಕೆಳಮುಖ ಮಾಡಿ.
ಗೆರೆ ಒಮ್ಮೆಯೂ ಸೊಟ್ಟಗಾಗಿಲ್ಲ.
ಬಿಳಿ ಬಣ್ಣ ಮಾತ್ರ ಒಂದಿಷ್ಟು
ಕಾಗದಕ್ಕೆ ಹತ್ತುತ್ತದೆ.