ಕಡೀ ಗೇಣು

ಮೂರನೇ ರೈಲ್ವೆ ಗೇಟಿನಾಚೆ, ನಮ್ಮ ಲ್ಯಾಬಿನಲ್ಲಿ
ಹದಿನೇಳನೇ ನಂಬರಿನ ಚರ್ಮ ಇದೆ.
ಹೆಸರು ಬರೆಯುವಂತಿಲ್ಲ. ಬರೆಯುತ್ತೇನೆ:
ಶಾವಂತ್ರೆವ್ವ, ಎಂಬತ್ತೊಂದು,
ಗುಳೇದಗುಡ್ಡದ ಮಗ್ಗದ ಕುಣಿಯಿಂದ ಎದ್ದು ಬಂದು
ಈಗ ಶಹಾಪುರದ ತಂಗಿಯ ಮನೆ.
ರಟ್ಟೆಯ ಒಳಬದಿಯಿಂದ ತೆಗೆದದ್ದು
ಜೋಳದ ಕಾಳಿನಷ್ಟು.

ದಿನ ಬಿಟ್ಟು ದಿನ ಗುಲಾಬಿ ನೀರು ಬದಲಿಸುತ್ತೇನೆ.
ತಡವಾದರೆ ಹಳದಿಗೆ ತಿರುಗುತ್ತದೆ.
ಒಂದು ಎರಡಾಗಿ, ಎರಡು ನಾಲ್ಕಾಗಿ, ತಳ ತುಂಬಿ,
ಅರ್ಧ ಎತ್ತಿ ಹೊಸ ಫ್ಲಾಸ್ಕಿಗೆ.
ಪ್ರತಿ ಸಲ ಎಳೆಯ ತುದಿ ಒಂದಿಷ್ಟು ಸವೆಯುತ್ತದೆ,
ನಕಲು ಮಾಡುವ ಕೈಗೆ ಕಟ್ಟಕಡೆಯ ಅಕ್ಷರ ನಿಲುಕುವುದಿಲ್ಲ
ಎಂದು ನಾನು ಶುರು ಮಾಡಿದ್ದೆ. ಅವಳೇ ಮುಗಿಸಿದಳು:
"ಗೊತ್ತೈತಿ ಬಿಡವಾ. ಹಣಿಗಿ ಹಿಂದ ಉಳದ ಕಡೀ ಗೇಣು
ಯಾವ ನೇಕಾರಗೂ ನೇಯಾಕ ಬರಂಗಿಲ್ಲ.
ಅವಕ್ಕ ಉಣ್ಣಾಕ ಏನ ಹಾಕತಿ?"

ಸಕ್ಕರಿ, ಉಪ್ಪು, ಅಂದೆ.
ಕರುವಿನ ನೆತ್ತರ ತಿಳಿ ಎಂದು ಹೇಗೆ ಹೇಳಲಿ,
ಕೊರಳ ಲಿಂಗದ ಮೇಲೆ ಸೆರಗು ಸರಿಮಾಡಿಕೊಂಡು ಕೂತವಳಿಗೆ?

ಮೂವತ್ತೊಂದನೇ ಸಲಕ್ಕೆ ನಿಂತವು.
ಸಾಯಲಿಲ್ಲ. ಅದೇ ತಕರಾರು.
ಹಂಚಿಗೆ ಸುರಿದ ಹಿಟ್ಟಿನ ಹಾಗೆ ಚಪ್ಪಟೆ ಹರಡಿ
ಮಗ್ಗುಲ ಮನೆಗೆ ಉರಿ ಹಚ್ಚುತ್ತ ಕೂತವು.
ಬಣ್ಣ ಹಾಕಿ ರಾತ್ರಿಯಿಡೀ ಬೆಚ್ಚಗಿಟ್ಟೆ.
ಬೆಳಗ್ಗೆ ನೂರಕ್ಕೆ ಎಂಬತ್ತು ನೀಲಿ,
ಅವಳ ಸೀರೆಯದೇ, ಒಗೆದು ಒಗೆದು ಮಾಸಿದ ನೀಲಿ.

ಪಕ್ಕದ ಕಪಾಟಿನಲ್ಲಿ ಇನ್ನೊಂದು ಫ್ಲಾಸ್ಕು,
ತುದಿ ಬೆಳೆಸುವ ಕಿಣ್ವ ಸೇರಿಸಿದ್ದು. ಅವು ನಿಂತೇ ಇಲ್ಲ.
ಸರ್ ಅವನ್ನು ನೋಡಿ ಸೀಟಿ ಹೊಡೆಯುತ್ತಾರೆ,
ನೂರಿಪ್ಪತ್ತು, ನೂರೈವತ್ತು ವರ್ಷ ಎನ್ನುತ್ತಾರೆ.
ಕ್ಯಾನ್ಸರ್ ಗಡ್ಡೆಯೂ ಇದೇ ಕಿಣ್ವ ಕದ್ದು ಬೆಳೆಯುವುದು
ಅವರ ಕೊನೆಯ ಸ್ಲೈಡಿನ ಸಣ್ಣಕ್ಷರದಲ್ಲಿ.

ಯುಗಾದಿ ಮುಗಿದ ವಾರ ಬಂದಳು.
"ಹೆಂಗದ ನನ್ನ ತೊಗಲ?"
ಕೊಟ್ಟ ಮಗಳ ಸುದ್ದಿ ಕೇಳುವ ದನಿ.
ನಿಂತಾವ, ಅಂದೆ. ನೂರೈವತ್ತರ ಮಾತೂ ಹೇಳಿದೆ.
"ಯಾರ ಮೊಣಕಾಲ ಮ್ಯಾಲ?"
ನಕ್ಕು, ಕೆಮ್ಮಿ, ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಳು:
"ಆ ಗೇಣು ದಂಡ ಅಂತ ಬರಕೋಬ್ಯಾಡ ಮತ್ತ.
ಹೊಸಾ ಹಾಸು ಅದಕ್ಕ ಕೆಚ್ಚತೀವಿ, ಒಂದೊಂದ ಎಳಿ."

ಇವಕ್ಕೆ ಆ ಕೆಚ್ಚು ಇಲ್ಲ ಎನ್ನಬೇಕಿತ್ತು.
ಆಟೋ ಬಂತು.

ಮುಗಿದ ಫ್ಲಾಸ್ಕಿಗೆ ಬ್ಲೀಚು, ಹತ್ತು ನಿಮಿಷ, ಇದು ನಿಯಮ.
ಗುಲಾಬಿ ಇಳಿದು ಬರೀ ನೀರಾಯಿತು.
ಇಪ್ಪತ್ತು ನಿಮಿಷ ನಿಂತೆ.
ಒಂಬತ್ತನೇ ಸಲದ್ದು, ಇನ್ನೂ ಎಳೆಯದು, ಒಂದು ಪುಟ್ಟ ಸೀಸೆ
ದ್ರವ ಸಾರಜನಕದ ಹೊಗೆಯಲ್ಲಿ ಇಟ್ಟಿದ್ದೇನೆ.
ರಜಿಸ್ಟರಿನಲ್ಲಿ ಅದರ ಲೆಕ್ಕ ಇಲ್ಲ.